ಜಂಗಮವಾಣಿ ಸ್ಥಾವರವಾದದ್ದು

ಮೊಬೈಲಿಗೆ ‘ಜಂಗಮವಾಣಿ’ ಎಂದು ಕನ್ನಡದಲ್ಲಿ ಹೆಸರಿಟ್ಟ ಪುಣ್ಯಾತ್ಮರು ಅದನ್ನು ಹಿಡಿದುಕೊಂಡು ಫಾರಿನ್ನಿಗೆ ಹೋಗಿರಲಿಕ್ಕಿಲ್ಲ. ಹೋಗಿದ್ದರೆ ‘ಸ್ಥಾವರವಾಣಿ’ ಎಂದು ಕರೆದು ಕೈತೊಳೆದುಕೊಳ್ಳುತ್ತಿದ್ದರು. ನಾನಂತೂ ಮೂರು ವಾರ ಜರ್ಮನಿಯಲ್ಲಿದ್ದು ಬಂದೆ. ನನ್ನ ಫೋನು ಮಾತ್ರ ಆ ಮೂರು ವಾರವೂ ಜಯನಗರ ಬಿಟ್ಟು ಕದಲಲಿಲ್ಲ. ಕೈಯಲ್ಲೇ ಇತ್ತು, ನಿಜ. ಜೀವವೆಲ್ಲ ಊರಲ್ಲೇ.

ಸ್ಟಟ್‌ಗಾರ್ಟಿನ ಮಗಳ ಮನೆಗೆ ಹೊರಟೆವು ಅಂದ ಕೂಡಲೇ ಅಪಾರ್ಟ್‌ಮೆಂಟಿನ ಅನುಭವಸ್ಥರೆಲ್ಲ ಬಂದು ಹೋದರು. ಚಟ್ನಿಪುಡಿಗೆ ಎಷ್ಟು ಕವರು ಸುತ್ತಬೇಕೆಂಬುದರಲ್ಲಿ ಅವರೊಳಗೆ ಒಮ್ಮತವಿತ್ತು, ಫೋನಿನ ವಿಷಯದಲ್ಲಿ ಇರಲಿಲ್ಲ. ಒಬ್ಬರು ರೋಮಿಂಗ್ ಪ್ಯಾಕು ಹಾಕಿಸಿ ಅಂದರು. ಇನ್ನೊಬ್ಬರು, ಅದು ಶುದ್ಧ ದಂಡ, ಅಲ್ಲಿಯ ಸಿಮ್ಮು ತಗೊಳ್ಳಿ ಅಂದರು. ಮೂರನೆಯವರು ಯಾರಿಗೂ ಕೇಳದಂತೆ ಹತ್ತಿರ ಬಂದು, “ಸಾರ್, ಪ್ಲೇನು ಇಳಿಯೋ ಮೊದಲೇ ಡೇಟಾ ಆಫ್ ಮಾಡಿಬಿಡಿ. ನಮ್ಮ ಭಾವಮೈದ ಮರೆತು ಟಿಕೇಟಿಗಿಂತ ದೊಡ್ಡ ಬಿಲ್ಲು ಕಟ್ಟಿದ,” ಎಂದರು. ಹೀಗೆ ಬಿಲ್ಲು ಕಟ್ಟಿದ ಭಾವಮೈದ ಪ್ರತಿಯೊಂದು ಅಪಾರ್ಟ್‌ಮೆಂಟಿಗೂ ಒಬ್ಬನಿರುತ್ತಾನೆ. ನಾನು ಹೆದರಿ ಡೇಟಾ ಆಫ್ ಮಾಡಿದೆ. ಪ್ಯಾಕನ್ನು ಹಾಕಿಸಲಿಲ್ಲ, ರೋಮಿಂಗು ಮಾತ್ರ ಇರಲಿ, ಓಟಿಪಿ ಬರಬೇಕಲ್ಲ, ಎಂದುಕೊಂಡು ಹೊರಟೆ.

ಮಾರನೇ ದಿನವೇ ಪಾಠವಾಯಿತು. ಮಗಳ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ನನ್ನಾಕೆ ಕೊತ್ತಂಬರಿ ಸೊಪ್ಪು ಹುಡುಕುತ್ತ ಮಾಯವಾದಳು. ನಾನು ಹಾಲಿನ ಸಾಲಿನಲ್ಲಿ ನಿಂತು ಫೋನು ಮಾಡಿದೆ.

“ಎಲ್ಲಿದ್ದೀಯ?”

“ಇಲ್ಲೇ.”

“ಇಲ್ಲೇ ಅಂದರೆ?”

“ಈರುಳ್ಳಿ ಹತ್ರ!”

ಈ ‘ಈರುಳ್ಳಿ ಹತ್ರ’ ಎಂಬುದು ನನಗೆ ಎರಡು ಸಲ ಕೇಳಿಸಿತು. ಮೊದಲು ಬಿಸ್ಕತ್ತಿನ ಕಪಾಟಿನ ಮೇಲಿನಿಂದ ನೇರವಾಗಿ, ಆಮೇಲೆ ಸಾವಕಾಶವಾಗಿ ಫೋನಿನೊಳಗಿಂದ. ಸಂಜೆ ಅಳಿಯ ಬಿಡಿಸಿ ಹೇಳಿದ. ನಮ್ಮಿಬ್ಬರದೂ ಇಂಡಿಯಾದ ನಂಬರು. ನಾನು ಕರೆ ಮಾಡಿದರೆ ಅದು ನೆಟ್ಟಗೆ ಇಂಡಿಯಾಕ್ಕೆ ಹೋಗಿ, ಈ ಅಮ್ಮ ಎಲ್ಲಿದ್ದಾರೆ ಎಂದು ಅಲ್ಲಿ ವಿಚಾರಿಸಿ, ಓಹೋ ಸ್ಟಟ್‌ಗಾರ್ಟಿನಲ್ಲಾ ಎಂದು ಮತ್ತೆ ತಿರುಗಿ ಬರಬೇಕು. ಮಾಡಿದ್ದಕ್ಕೆ ನನಗೆ ದುಡ್ಡು, ಎತ್ತಿದ್ದಕ್ಕೆ ಅವಳಿಗೂ ದುಡ್ಡು. ಎರಡು ಸಾಲು ಆಚೆಯಿದ್ದ ಈರುಳ್ಳಿ ಸಾವಿರಾರು ಮೈಲಿ ಸುತ್ತಿ ನನ್ನ ಕಿವಿಗೆ ಬಂದು ಬಿದ್ದಿತ್ತು. ಜರ್ಮನಿಯ ಆ ಅಂಗಡಿಯಲ್ಲಿ ಅದಕ್ಕಿಂತ ತುಟ್ಟಿಯಾದ ಪದಾರ್ಥವನ್ನು ಆ ದಿನ ಯಾರೂ ಕೊಂಡಿರಲಾರರು.

ಎತ್ತಿದವರೂ ಕಾಸು ತೆರಬೇಕು ಎಂಬುದೇ ನಮಗೆ ಮರೆತುಹೋಗಿದೆ ನೋಡಿ. ನಮ್ಮ ದೇಶದಲ್ಲಿ 1995ರಲ್ಲಿ ಮೊಬೈಲು ಶುರುವಾದಾಗ ಒಳಬರುವ ಕರೆಗೂ ಮೀಟರು ಓಡುತ್ತಿತ್ತು. ಫೋನು ಬಡಿದುಕೊಂಡರೆ ಜನ ಎತ್ತುತ್ತಿರಲಿಲ್ಲ, ನಂಬರು ನೋಡಿಕೊಂಡು ರಸ್ತೆಯಂಚಿನ ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. 2003ರಲ್ಲಿ ಆ ಪೀಡೆ ತೊಲಗಿತು. ಅಂದಿನಿಂದ ಹಲೋ ಅನ್ನುವುದು ಪುಕ್ಕಟೆ, ಆದ್ದರಿಂದ ಹಲೋ ಆದಮೇಲಿನದೆಲ್ಲ ಧಾರಾಳ.

ಜರ್ಮನ್ ಸಿಮ್ಮು ಬರುವವರೆಗೆ ನನ್ನ ಗತಿ ಕೇಳಬೇಡಿ. ಮನೆಯೊಳಗೆ ವೈಫೈ ಇದ್ದರೆ ಮನುಷ್ಯ, ಹೊಸ್ತಿಲು ದಾಟಿದರೆ ಕಲ್ಲು. ಅಲ್ಲಿಯವರು ವೈಫೈಗೆ ‘ವೇಲಾನ್’ ಅನ್ನುತ್ತಾರೆ. ಮಗಳು ಯಾರೊಂದಿಗೋ “ವೇಲಾನ್ ಇದೆಯಾ” ಎಂದು ಜರ್ಮನ್ನಿನಲ್ಲಿ ಕೇಳಿದಾಗ ನನ್ನಾಕೆ, “ತಮಿಳಿನವರಾ?” ಅಂದಳು. ಹೊರಗೆ ಹೋದಾಗ ಅಳಿಯ ತನ್ನ ಹಾಟ್‌ಸ್ಪಾಟು ಹಾಕಿ ಕೊಡುತ್ತಿದ್ದ. ಅದು ಹಿಡಿಯಬೇಕಾದರೆ ಅವನಿಂದ ದೂರ ಸರಿಯುವಂತಿಲ್ಲ. ಹಸುವಿನ ಹಿಂದೆ ಕರು ಹೋದಂತೆ ಹತ್ತು ಹೆಜ್ಜೆ ಹಿಂದೆ ನಾನು. ಅವನು ಟ್ರಾಮಿನ ಮುಂದಿನ ಬಾಗಿಲಿಗೆ ಹೋದರೆ ನನ್ನ ವಾಟ್ಸಾಪು ನಿಲ್ಲುತ್ತಿತ್ತು. ಮದುವೆಯಲ್ಲಿ ಅಳಿಯನ ಕಾಲು ತೊಳೆದದ್ದೇ ಕೊನೆಯ ಸೇವೆ ಎಂದುಕೊಂಡಿದ್ದೆ.

ಸಿಮ್ಮು ಕೊಳ್ಳುವುದೂ ಅಲ್ಲಿ ಸುಲಭವಲ್ಲ. 2017ರಿಂದ ಪ್ರಿಪೇಯ್ಡ್ ಸಿಮ್ಮಿಗೂ ಗುರುತಿನ ಪರೀಕ್ಷೆ ಕಡ್ಡಾಯ. ವೀಡಿಯೊದಲ್ಲಿ ಒಬ್ಬ ಹುಡುಗ ಪ್ರತ್ಯಕ್ಷನಾಗಿ ಪಾಸ್‌ಪೋರ್ಟು ತೋರಿಸಿ ಅಂದ. ಹಾಗಲ್ಲ, ವಾಲಿಸಿ ಅಂದ. ಬೆಳಕಿಗೆ ಹಿಡಿದು ಅತ್ತ ಇತ್ತ ಆಡಿಸಿ ಅಂದ. ನಾನು ಎಡಗೈಯಲ್ಲಿ ಗಂಟೆಯೊಂದು ಕಡಿಮೆ ಎಂಬಂತೆ ಪಾಸ್‌ಪೋರ್ಟಿನಿಂದ ಅವನಿಗೆ ಆರತಿ ಎತ್ತಿದೆ. ಪ್ರಸನ್ನನಾಗಿ ಸಿಮ್ಮು ದಯಪಾಲಿಸಿದ.

ನನ್ನ ಫೋನಿಗೆ ಎರಡು ಸಿಮ್ಮಿನ ಮನೆ, ಊರಿನದೂ ಇರಲಿ ಇದೂ ಇರಲಿ ಎಂದು ಎರಡನ್ನೂ ಕೂರಿಸಿದೆ. ನನ್ನಾಕೆಯದು ಹಳೇ ಫೋನು, ಒಂದೇ ಮನೆ. ಹೊಸಬಳು ಒಳಗೆ ಬಂದದ್ದರಿಂದ ಊರಿನ ಸಿಮ್ಮು ಕುಂಕುಮದ ಭರಣಿ ಸೇರಿತು. ಕಳೆದುಹೋಗಬಾರದ ವಸ್ತುಗಳಿಗೆ ಅವಳಲ್ಲಿರುವುದು ಅದೊಂದೇ ಲಾಕರು.

ಇನ್ನು ಹೊತ್ತಿನ ಗೊಂದಲ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಊರಲ್ಲಿ ಬೆಳಗ್ಗೆ ಆರಕ್ಕೆ ಸೂರ್ಯೋದಯದ ಚಿತ್ರ ಕಳಿಸುವವರ ಶುಭೋದಯ ನನಗೆ ನಡುರಾತ್ರಿ ಎರಡೂವರೆಗೆ ಆಗುತ್ತಿತ್ತು. ಮೂರು ಗಂಟೆಗೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಬಿ ಬ್ಲಾಕಿಗೆ ನೀರು ಬಂದಿಲ್ಲ ಎಂಬ ವಾರ್ತೆ. ಮೂರೂ ಹತ್ತಕ್ಕೆ, ಬಂತು. ನಾಲ್ಕಕ್ಕೆ, ಕೆಂಪಗಿದೆ. ಜರ್ಮನಿಯ ನಲ್ಲಿಯಲ್ಲಿ ನೀರು ತಣ್ಣಗೆ ಸ್ವಚ್ಛವಾಗಿ ಸುರಿಯುತ್ತಿದ್ದರೂ ನಾನು ಕತ್ತಲಲ್ಲಿ ಎದ್ದು ಕೂತು ಬಿ ಬ್ಲಾಕಿನ ಕೆಂಪು ನೀರಿನ ಬಗ್ಗೆ ಚಿಂತಿಸಿದ್ದೇನೆ. ನಮ್ಮದು ಎ ಬ್ಲಾಕು.

ಆರು ಗಂಟೆಗೆ, ಅಂದರೆ ಊರಲ್ಲಿ ಒಂಬತ್ತೂವರೆಗೆ, ಕೊರಿಯರಿನ ಹುಡುಗ. “ಸಾರ್, ಗೇಟ್ ಹತ್ರ ಇದೀನಿ, ಕೆಳಗೆ ಬನ್ನಿ.” “ನಾನು ಜರ್ಮನೀಲಿದೀನಪ್ಪ, ಸೆಕ್ಯೂರಿಟಿ ಹತ್ರ ಕೊಡು.” “ಓಟಿಪಿ ಹೇಳಿ ಸಾರ್.” ಇಷ್ಟು ಮಾತಿಗೆ ನಾನು ತೆತ್ತ ರೊಕ್ಕದಲ್ಲಿ ಅವನು ತಂದಿದ್ದ ಪಾತ್ರೆ ಉಜ್ಜುವ ಬ್ರಷ್ಷು ಇನ್ನೊಂದು ಬರುತ್ತಿತ್ತು.

ಓಟಿಪಿ ಎಂದೆನಲ್ಲ, ಅದರದೇ ಒಂದು ರೈಲು ಪ್ರಸಂಗವಿದೆ. ನಾವೆಲ್ಲ ಮ್ಯೂನಿಕ್‌ಗೆ ಹೊರಟಿದ್ದೆವು. ಅಳಿಯ ತಿಳಿಯದೆ ‘ರೂಹೆಬೆರೈಶ್’ ಎಂಬ ಬೋಗಿಯಲ್ಲಿ ಸೀಟು ಕಾದಿರಿಸಿದ್ದ. ಮೌನವಲಯ ಎಂದರ್ಥ. ಅಲ್ಲಿ ಫೋನಿನಲ್ಲಿ ಮಾತಾಡಬಾರದು, ಅದು ಬಡಿದುಕೊಳ್ಳಲೂ ಬಾರದು. ಆಗಲೇ ನನ್ನಾಕೆಗೆ ಅಮ್ಮನ ಎಫ್‌ಡಿ ನವೀಕರಣ ನೆನಪಾಯಿತು. ಇವತ್ತೇ ಕೊನೇ ದಿನ. ಓಟಿಪಿ ಬರುವುದು ಅವಳ ಊರಿನ ನಂಬರಿಗೆ. ಅದು ಭರಣಿಯಲ್ಲಿ, ಭರಣಿ ಪುಣ್ಯಕ್ಕೆ ಕೈಚೀಲದಲ್ಲಿ.

ಸಿಮ್ಮಿನ ತಟ್ಟೆ ಹೊರಗೆಳೆಯುವ ಕಡ್ಡಿ ಯಾರ ಹತ್ತಿರವೂ ಇರಲಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ತೂತಿಗೆ ಒತ್ತಿದಳು. ಬರಲಿಲ್ಲ. ಇನ್ನೊಮ್ಮೆ ಒತ್ತಿದಳು, ತಟ್ಟೆ ಟಪ್ಪೆಂದು ಹಾರಿತು, ಅದರೊಳಗಿನ ಜರ್ಮನ್ ಸಿಮ್ಮು ಇನ್ನೂ ದೂರ ಹಾರಿತು. ನ್ಯಾನೋ ಸಿಮ್ಮಿನ ಅಳತೆ 12.3 ಮಿಲಿಮೀಟರು ಉದ್ದ, 8.8 ಅಗಲ. ನಮ್ಮ ಲೆಕ್ಕದಲ್ಲಿ ಒಂದು ಅವರೆಕಾಳು. ಅದನ್ನು ಹುಡುಕಲು ನಾನು ಮೌನವಲಯದ ನೆಲದ ಮೇಲೆ ಮಂಡಿಯೂರಿ, ಎದುರು ಸೀಟಿನ ಅಜ್ಜಿಯ ಪಾದದ ಬಳಿ ತಲೆಯಿಟ್ಟೆ. ಆಕೆ ಪುಸ್ತಕದಿಂದ ಕಣ್ಣೆತ್ತಿ ನೋಡಿ, ಕಾಲು ಒಳಗೆಳೆದುಕೊಂಡು ಮತ್ತೆ ಓದತೊಡಗಿದಳು. ಭಾರತೀಯರು ಹಿರಿಯರಿಗೆ ನಮಸ್ಕರಿಸುತ್ತಾರೆಂದು ಎಲ್ಲೋ ಓದಿರಬೇಕು. ಕೊನೆಗೆ ಸಿಕ್ಕಿದ್ದು ನನ್ನ ಪ್ಯಾಂಟಿನ ಮಡಿಕೆಯಲ್ಲೇ.

ಅಷ್ಟರಲ್ಲಿ ಊರಿನ ಸಿಮ್ಮನ್ನು ಕುಂಕುಮ ಕೊಡವಿ ಒಳಗೆ ಹಾಕಿಯಾಗಿತ್ತು. ಅದು ಹಣೆಗಿಟ್ಟುಕೊಂಡ ಮುತ್ತೈದೆಯಂತೆ ಒಳಗೆ ಹೋಗಿ ಸುಮ್ಮನೆ ಕೂತಿತು. ಸಿಗ್ನಲ್ ಹುಡುಕುತ್ತ ಹುಡುಕುತ್ತ, ಜರ್ಮನಿಯ ಯಾವುದೋ ಟವರಿನೊಂದಿಗೆ ಪರಿಚಯ ಮಾಡಿಕೊಂಡು, ಊರಿನಿಂದ ಅಪ್ಪಣೆ ತರಿಸಿಕೊಳ್ಳುವ ಹೊತ್ತಿಗೆ ಓಟಿಪಿಯ ಆಯುಸ್ಸು ಮುಗಿದಿತ್ತು. ಇನ್ನೊಂದು ಕೇಳಿದಳು. ರೈಲು ಸುರಂಗ ಹೊಕ್ಕಿತು. ಮತ್ತೊಂದು ಕೇಳಿದಳು. ಮೂರೂ ಒಟ್ಟಿಗೆ ಬಂದವು, ಯಾವುದು ಯಾವುದೆಂದು ತಿಳಿಯದೆ ಹಳೆಯದನ್ನೇ ಒತ್ತಿದಳು. ಆಗ ಅಮ್ಮನೇ ವಾಟ್ಸಾಪಿನಲ್ಲಿ ಕರೆದರು. “ಏನಾಯ್ತೇ?” ನನ್ನಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದಳು. “ಕೇಳಿಸ್ತಿಲ್ಲ, ಜೋರಾಗಿ ಹೇಳು!” ಎಂದು ಅಮ್ಮ ಶಿರಸಿಯಿಂದ ಕೂಗಿದ್ದು ಇಡೀ ಬೋಗಿಗೆ ಕೇಳಿಸಿತು. ಟ್ರಂಕ್ ಕಾಲಿನ ಕಾಲದವರು ಅವರು. ದೂರ ಹೆಚ್ಚಿದಷ್ಟೂ ದನಿ ಏರಿಸಬೇಕು ಎಂಬುದು ಅವರ ಭೌತಶಾಸ್ತ್ರ, ಜರ್ಮನಿಯ ದೂರಕ್ಕೆ ತಕ್ಕ ದನಿ ಅದು. ಅಜ್ಜಿ ಪುಸ್ತಕ ಮುಚ್ಚಿ ಬೇರೆ ಬೋಗಿಗೆ ಹೋದಳು.

ನಡುವೆ ಒಂದು ದಿನ ಟ್ಯೂಬಿಂಗೆನ್ನಿಗೂ ಹೋಗಿದ್ದೆವು. ನಮ್ಮ ನಿಘಂಟಿನ ಕಿಟೆಲ್ಲರು 1903ರಲ್ಲಿ ತೀರಿಕೊಂಡ ಊರು. 1853ರಲ್ಲಿ ಹಡಗಿನಲ್ಲಿ ನಮ್ಮ ಕಡೆಗೆ ಬಂದು, ಒಂದೂ ಓಟಿಪಿಯಿಲ್ಲದೆ ಸಾವಿರಾರು ಪುಟ ಕನ್ನಡ ಬರೆದ ಮಹಾನುಭಾವ. ಅವರ ಮೇಜಿನ ಮೇಲೆ ನನ್ನ ಫೋನಿದ್ದಿದ್ದರೆ ನಿಘಂಟು ‘ಅ’ಕಾರ ದಾಟುತ್ತಿರಲಿಲ್ಲ.

ಆದರೆ ನಿಜವಾದ ಹೊಡೆತ ಬಿದ್ದದ್ದು ಕಾನ್‌ಸ್ಟಾನ್ಸಿನಲ್ಲಿ. ದೊಡ್ಡ ಸರೋವರದ ದಂಡೆಯ ಊರು, ಪಕ್ಕದಲ್ಲೇ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್. ಎರಡೂ ಊರಿನ ಮನೆಗಳು ಮಲ್ಲೇಶ್ವರ-ರಾಜಾಜಿನಗರದ ಹಾಗೆ ಬೆಸೆದುಕೊಂಡಿವೆ. ನೀರಿನಂಚಿನಲ್ಲಿ ಮೊದಲು ತಂತಿಬೇಲಿಯಿತ್ತು. 2006ರಲ್ಲಿ ಅದನ್ನು ಕಿತ್ತುಹಾಕಿ, ಗಡಿಯ ಗುರುತಿಗೆ 22 ಲೋಹದ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಮಕ್ಕಳು ಒಂದು ದೇಶದಿಂದ ಚೆಂಡು ಒದ್ದು ಇನ್ನೊಂದು ದೇಶದಿಂದ ತರುತ್ತಾರೆ. ನನಗೆ ರೋಮಾಂಚನವಾಯಿತು. ಬೆಂಚಿನ ಮೇಲೆ ಕೂತು, ಜರ್ಮನಿಯ ನೆಲದ ಮೇಲೇ ಎನ್ನಿ, ಶಿವಮೊಗ್ಗದ ಅಕ್ಕನಿಗೆ ವೀಡಿಯೊ ಕರೆ ಹಚ್ಚಿದೆ.

“ಅಕ್ಕಾ, ನೋಡಿಲ್ಲಿ, ಗಡಿ! ಬೇಲಿಯೇ ಇಲ್ಲ!”

“ನಿನ್ನ ಮೂಗು ಕಾಣ್ತಿದೆ.”

ಫೋನು ತಿರುಗಿಸಿದೆ. ಅರ್ಧ ಗಂಟೆ ಸರೋವರ ತೋರಿಸಿದೆ, ಶಿಲ್ಪ ತೋರಿಸಿದೆ, ಆಚೆ ದಂಡೆಯ ಬೆಟ್ಟ ತೋರಿಸಿದೆ. ಅಕ್ಕ ಎಲ್ಲವನ್ನೂ ಸಮಾಧಾನದಿಂದ ನೋಡಿ, “ಊಟ ಆಯ್ತಾ? ಸ್ವೆಟರ್ ಯಾಕೆ ಹಾಕ್ಕೊಂಡಿಲ್ಲ?” ಎಂದಳು.

ಇಟ್ಟಮೇಲೆ ನೋಡಿದರೆ ಫೋನಿನಲ್ಲಿ ಒಂದು ಸಂದೇಶ ಕೂತಿದೆ: ಸ್ವಿಟ್ಜರ್ಲೆಂಡಿಗೆ ಸುಸ್ವಾಗತ. ನಾನು ಬೆಂಚು ಬಿಟ್ಟು ಎದ್ದಿರಲಿಲ್ಲ. ಆದರೆ ಆಚೆಯ ಟವರಿನ ದನಿ ಜೋರಾಗಿತ್ತು, ನನ್ನ ಫೋನು ಅದರ ತೆಕ್ಕೆಗೆ ಹಾರಿತ್ತು. ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್ 15ರಿಂದ ರೋಮಿಂಗಿಗೆ ಪ್ರತ್ಯೇಕ ದಂಡವಿಲ್ಲ, ಜರ್ಮನ್ ಸಿಮ್ಮು ಫ್ರಾನ್ಸಿನಲ್ಲೂ ಮನೆಯಂತೆಯೇ ನಡೆಯುತ್ತದೆ. ಸ್ವಿಟ್ಜರ್ಲೆಂಡು ಆ ಒಕ್ಕೂಟದಲ್ಲಿಲ್ಲ. ನನ್ನ ಪ್ಯಾಕೇಜಿನಲ್ಲೂ ಇರಲಿಲ್ಲ. ಮನುಷ್ಯರು ಬೇಲಿ ಕಿತ್ತರೂ ಬಿಲ್ಲು ಕಿತ್ತಿರಲಿಲ್ಲ. ಸಿಮ್ಮಿಗೆ ಹಾಕಿಸಿದ್ದ ದುಡ್ಡೆಲ್ಲ ಆ ಅರ್ಧ ಗಂಟೆಯಲ್ಲಿ ಖಾಲಿ. “ಗಡಿ ಹತ್ರ ನೆಟ್‌ವರ್ಕ್ ನಾವೇ ಆರಿಸಿ ಬೀಗ ಹಾಕ್ಬೇಕು ಮಾವ, ಆಟೋಮ್ಯಾಟಿಕ್ ಬಿಡಬಾರದು,” ಎಂದ ಅಳಿಯ. ಇದನ್ನು ಬೆಳಗ್ಗೆ ಹೇಳಬೇಕಿತ್ತು. ಹೇಳಿದ್ದನಂತೆ. ಆಗ ನಾನು ಬಿ ಬ್ಲಾಕಿನ ನೀರಿನ ಬಗ್ಗೆ ಓದುತ್ತಿದ್ದೆನಂತೆ. ಸಂಜೆ ಅವನ ಹಿಂದೆ ಹತ್ತು ಹೆಜ್ಜೆಯಲ್ಲಿ ಮತ್ತೆ ನಡೆದೆ.

ಬೆಂಗಳೂರಿಗೆ ಬಂದಿಳಿದದ್ದು ಅಪರಾತ್ರಿ. ನಿದ್ದೆ ಮಾತ್ರ ಇನ್ನೂ ಸ್ಟಟ್‌ಗಾರ್ಟಿನ ಗಡಿಯಾರದಲ್ಲೇ ಇತ್ತು. ಬೆಳಗ್ಗೆ ಕಣ್ಣು ಬಿಡಲಾರದೆ, ಕಾಫಿ ಲೋಟ ಹಿಡಿದು ಲುಂಗಿಯಲ್ಲಿ ಬಾಲ್ಕನಿಯ ಕಂಬಿಗೊರಗಿ ನಿಂತಿದ್ದೆ. ಒಂಬತ್ತೂವರೆಗೆ ಫೋನು ಬಡಿದುಕೊಂಡಿತು. ಎತ್ತಲು ದುಡ್ಡು ಎಂಬ ಭಯಕ್ಕೆ, ಹಲೋ ಕೂಡ ಅನ್ನದೆ ಒಂದೇ ಉಸಿರಿಗೆ ಹೇಳಿಬಿಟ್ಟೆ:

“ನಾನು ಜರ್ಮನೀಲಿದೀನಪ್ಪ, ಸೆಕ್ಯೂರಿಟಿ ಹತ್ರ ಕೊಡು.”

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಅವನ ದನಿ ಎರಡು ಸಲ ಕೇಳಿಸಿತು, ಫೋನಿನಿಂದ ಒಮ್ಮೆ, ಗೇಟಿನಿಂದ ಒಮ್ಮೆ.

“ಹಂಗಾದ್ರೆ ಬಾಲ್ಕನೀಲಿ ಕಾಫಿ ಕುಡೀತಿರೋರು ಯಾರು ಸಾರ್?”