ಇರುವೆ ಕಚ್ಚಿದ ಹಾಗೆ
ಐದು ತುಂಬಿದ ಮಗಳಿಗೆ ಡಿಪಿಟಿ ಬೂಸ್ಟರ್ ಹಾಕಿಸಿ ಅಂತ ಆಶಾ ಅಕ್ಕ ಮೂರು ಸಲ ಹೇಳಿ ಹೋಗಿದ್ದರು. ಕೊನೆಗೂ ಆರೋಗ್ಯ ಕೇಂದ್ರಕ್ಕೆ ಹೊರಟಾಗ ನಮ್ಮಪ್ಪನೂ ಜೊತೆಗೂಡಿದರು, ಮೊಮ್ಮಗಳಿಗೆ ಧೈರ್ಯ ಹೇಳಲಿಕ್ಕಂತೆ. ದಾರಿಯುದ್ದಕ್ಕೂ ಒಂದೇ ಮಂತ್ರ: "ಇರುವೆ ಕಚ್ಚಿದ ಹಾಗೆ ಅಷ್ಟೇ, ಪುಟ್ಟಿ!"

ಪುಟ್ಟಿ ಒಮ್ಮೆ ಕಿರುಚಿ, ಚಾಕೊಲೇಟ್ ವಸೂಲಿ ಮಾಡಿ ಸುಮ್ಮನಾದಳು. ಸಿಸ್ಟರ್ ಅಪ್ಪನ ಕಡೆ ತಿರುಗಿದರು. "ತಾತ, 30 ದಾಟಿದವರಿಗೆಲ್ಲ ಬಿಪಿ, ಶುಗರ್ ಪುಕ್ಕಟೆ ನೋಡ್ತೀವಿ. ಬೆರಳು ಕೊಡಿ."

ತಾತ ಆಗಲೇ ಚಪ್ಪಲಿ ಹುಡುಕುತ್ತಿದ್ದರು. "ನಾಳೆ ಬರ್ತೀನಮ್ಮ!"

ಆ ನಾಳೆ ಬಂದದ್ದು ಎರಡು ವಾರ ಬಿಟ್ಟು. ಅಷ್ಟರಲ್ಲಿ ಕಾಫಿಗೆ ಸಕ್ಕರೆ ಬಂದ್, ರಾತ್ರಿ ಬರೀ ಮುದ್ದೆ, ಸೊಪ್ಪುಸಾರು. ಎಸ್ಸೆಸ್ಸೆಲ್ಸಿ ಹುಡುಗರೂ ಹೀಗೆ ತಯಾರಾಗುವುದಿಲ್ಲ. ಬರಿಹೊಟ್ಟೆಯಲ್ಲಿ 108 ಬಂತು. ಅಪ್ಪ ಮೀಸೆ ತಿರುವಿದರು. ಡಾಕ್ಟರು ನಕ್ಕು ಎಚ್‌ಬಿಎ1ಸಿ ಬರೆದರು. ಅದು ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯ ಲೆಕ್ಕ, ಹಿಂದಿನ ಎರಡು ಮೂರು ತಿಂಗಳದ್ದು. ಯುಗಾದಿ ಹೋಳಿಗೆ, ಮದುವೆಮನೆ ಜಿಲೇಬಿ ಎಲ್ಲ ಅಲ್ಲಿ ಹಾಜರಿ ಹಾಕಿದ್ದವು: 7.4.

"ತಾತ, ನಂಗಿನ್ನು ಹತ್ತು ವರ್ಷ ತುಂಬಿದ ಮೇಲೇ ಸೂಜಿ," ಅಂದಳು ಪುಟ್ಟಿ. "ನಿಂಗೆ ಮೂರು ತಿಂಗಳಿಗೇ ಇರುವೆ!"