ಆನೆ ಕಾಗದ ಮತ್ತು ಟೀಚರಮ್ಮ

ಅಲ್ಲಾ ರಾಯರೇ, ರಾತ್ರಿ ನಿಮ್ಮನೇಲಿ ಓಡ್ತಿದ್ದದ್ದು ‘ದಿ ಕಿಂಗ್ ಅಂಡ್ ಐ’ ತಾನೇ? ನನಗೆ ಹಾಡಿನಲ್ಲೇ ಗೊತ್ತಾಯ್ತು. ನೀವು ನೋಡಿದ್ದು 1956ರ ಸಿನಿಮಾ. ಅದಕ್ಕೂ ಮೊದಲು ಅದು ನಾಟಕ. 1951ರ ಮಾರ್ಚಲ್ಲಿ ಬ್ರಾಡ್‌ವೇನಲ್ಲಿ ಶುರುವಾಗಿ 1,246 ಆಟ ಆಯ್ತು. ಸಂಗೀತ ರಾಡ್ಜರ್ಸ್, ಮಾತು-ಹಾಡು ಹ್ಯಾಮರ್‌ಸ್ಟೈನ್. ಆ ಬೋಳುತಲೆ ಯೂಲ್ ಬ್ರಿನ್ನರ್ ಇದಾನಲ್ಲ, 1985ರಲ್ಲಿ ಸಾಯೋ ವರ್ಷದವರೆಗೆ ಒಟ್ಟು 4,625 ಸಲ ಅದೇ ರಾಜಾಪಾರ್ಟು ಮಾಡಿದ!

ಎರಡು ಸಂಸ್ಕೃತಿ ಸೇರೋ ಕಥೆ ಅಂತೀರಾ? ಹಾಗಂತಲೇ ಎಲ್ಲರೂ ಮೆಚ್ಚೋದು. ವಿಧವೆ ಇಂಗ್ಲಿಷ್ ಟೀಚರಮ್ಮ ಆನಾ ಲಿಯೋನೊವೆನ್ಸ್ ಸಯಾಮಿಗೆ, ಅಂದ್ರೆ ಈಗಿನ ಥಾಯ್ಲೆಂಡಿಗೆ, ಬರ್ತಾಳೆ, ಒರಟು ರಾಜ ಮೊಂಗ್‌ಕುಟ್‌ನ ತಿದ್ದಿ ತೀಡ್ತಾಳೆ. ಯಾರ ತಲೆಯೂ ರಾಜನ ತಲೆಗಿಂತ ಮೇಲಿರಕೂಡದು ಅನ್ನೋ ದೃಶ್ಯ ನೋಡಿದ್ರಲ್ಲ, ಅದು ನನಗೂ ಇಷ್ಟ. ಅವನು ಕೂತರೆ ಈಕೆಯೂ ಕೂರಬೇಕು. ಅವನು ನೆಲದ ಮೇಲೆ ಉದ್ದಕ್ಕೆ ಒರಗಿದರೆ ಈಕೆ ಆ ಭಾರಿ ಘೇರಿನ ಗೌನು ಸಮೇತ ನೆಲಕ್ಕೆ! ಅಲ್ಲಿಂದಲೇ ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ‘ಆನೆ ಕಳಿಸ್ತೀನಿ’ ಅಂತ ಕಾಗದ ಬರೆಸ್ತಾನೆ.

ಈಗ ಕೇಳಿ. ಆನೆ ಕಾಗದ ನಿಜವೇ. ಆದರೆ ರಾಜ ಬರೆದದ್ದು 1861ರಲ್ಲಿ, ಆಗಿನ ಅಧ್ಯಕ್ಷ ಬುಕ್ಯಾನನ್‌ಗೆ. ಅದು ತಲುಪೋ ಹೊತ್ತಿಗೆ ಕುರ್ಚಿ ಲಿಂಕನ್‌ದಾಗಿತ್ತು. ನಮ್ಮ ಹವೆ ಆನೆಗೆ ಒಗ್ಗಲ್ಲ, ನಮ್ಮಲ್ಲಿ ಉಗಿಯಂತ್ರ ಇದೆ ಅಂತ ವಿನಯವಾಗಿ ಜಾರಿಕೊಂಡ. ಆನಾ ಬ್ಯಾಂಕಾಕಿಗೆ ಕಾಲಿಟ್ಟದ್ದೇ 1862ರಲ್ಲಿ. ಕಾಗದ ಟಪಾಲಿಗೆ ಬಿದ್ದಾದ ಮೇಲೆ ಕಾಗುಣಿತ ತಿದ್ದೋಕೆ ಬಂದಳು ಅನ್ನಿ!

ಆ ರಾಜನೇನು ದಡ್ಡನೇ? ಪಟ್ಟಕ್ಕೆ ಬರೋ ಮುಂಚೆ 27 ವರ್ಷ ಬೌದ್ಧ ಭಿಕ್ಷು. ಫ್ರೆಂಚ್ ಬಿಷಪ್ಪನ ಹತ್ತಿರ ಲ್ಯಾಟಿನ್ ಕಲಿತ, ಅಮೆರಿಕದ ಪಾದ್ರಿಗಳ ಹತ್ತಿರ ಇಂಗ್ಲಿಷ್. ಆಕೆಯನ್ನ ಕರೆಸಿದ್ದು ರಾಣಿವಾಸಕ್ಕೆ, ಮಕ್ಕಳಿಗೆ ಪಾಠ ಹೇಳೋಕೆ.

ನಾಟಕದಲ್ಲಿ ಅವನು ಎದೆಯೊಡೆದು ಸಾಯ್ತಾನೆ, ಟೀಚರಮ್ಮ ಪಕ್ಕದಲ್ಲೇ ಇರ್ತಾಳೆ. ನಿಜವಾಗಿ ಆಕೆ 1867ರಲ್ಲೇ ಊರು ಬಿಟ್ಟಿದ್ದಳು. ಅವನನ್ನ ಕೊಂದದ್ದು ಮಲೇರಿಯಾ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನ ತಾನೇ ಲೆಕ್ಕ ಹಾಕಿ ಹೇಳಿ, ಪರದೇಶದ ಅತಿಥಿಗಳನ್ನ ಕಟ್ಟಿಕೊಂಡು ವಾಕೋ ಅನ್ನೋ ಕಡಲತೀರಕ್ಕೆ ಹೋದ. ಲೆಕ್ಕ ಸರಿಹೋಯ್ತು, ಜ್ವರ ಹತ್ತಿಕೊಂಡಿತು. ಅಕ್ಟೋಬರ್ 1ಕ್ಕೆ ತೀರಿಕೊಂಡ. ಅವತ್ತು ಅದೇ ನೆರಳು ನಮ್ಮ ಜಮಖಂಡಿ ಮೇಲೂ ಹಾದುಹೋಯ್ತು ರೀ! ದೊಡ್ಡ ಖಗೋಳಜ್ಞ ವಿಲಿಯಂ ಹರ್ಷಲ್‌ನ ಮೊಮ್ಮಗ ಜಾನ್ ಹರ್ಷಲ್ ಅಲ್ಲಿ ಯಂತ್ರ ಹೂಡಿಕೊಂಡು ಕೂತಿದ್ದ. ನಾಟಕದವರು ಇಂಥ ಗ್ರಹಣ ಬಿಟ್ಟು ಪ್ರೇಮಭಂಗ ಹಿಡಿದರಲ್ಲ, ಏನಂತ ಹೇಳೋದು!

ಥಾಯ್ಲೆಂಡಿನವರು ಆ ಸಿನಿಮಾ ನಿಷೇಧಿಸಿದರು ಅಂದ್ರೆ ಹುಬ್ಬು ಹಾರಿಸ್ತೀರಲ್ಲ, ಅದೇ ಕಾಲದ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಯಾರಾದರೂ ಹೀಗೆ ಕುಣಿಸಿದ್ದರೆ ಮೈಸೂರಿನವರು ಸುಮ್ಮನಿರ್ತಿದ್ದರೇ?

ಇನ್ನು ಆ ಟೀಚರಮ್ಮನ ವಿಚಾರ. ಸ್ವಲ್ಪ ಇತ್ತ ಬನ್ನಿ. ತಾನು ವೇಲ್ಸಿನಲ್ಲಿ 1834ರಲ್ಲಿ ಹುಟ್ಟಿದೆ ಅಂತ ಹೇಳಿಕೊಂಡಳು. ಹುಟ್ಟಿದ್ದು 1831ರಲ್ಲಿ, ಅಹಮದ್‌ನಗರದಲ್ಲಿ! ನಮ್ಮ ಪಕ್ಕದ ಮಹಾರಾಷ್ಟ್ರ. ಅಪ್ಪ ಸಿಪಾಯಿ. ತಾಯಿಯ ತಾಯಿಗೆ ಭಾರತದ ರಕ್ತ ಇದ್ದಿರಬೇಕು ಅಂತ ಶೋಧಿಸಿದವರು ಹೇಳ್ತಾರೆ. ಆಗಿನ ಬಿಳಿಯರ ಸಮಾಜದಲ್ಲಿ ಇದು ಹೊರಬಿದ್ದಿದ್ದರೆ ಯಾರು ಆಕೆಗೆ ಗವರ್ನೆಸ್ ಕೆಲಸ ಕೊಡ್ತಿದ್ದರು? ಹೊಟ್ಟೆಪಾಡು, ಸುಳ್ಳು ಹೇಳಿದಳು. ನಾನಂತೂ ಬೈಯಲ್ಲ. ಆದರೆ ತಮಾಷೆ ನೋಡಿ: ಶೋಧಿಸಿದವರ ಮಾತು ನಿಜವಾದರೆ, ಎರಡು ಸಂಸ್ಕೃತಿ ಒಂದೇ ಸೂರಿನಡಿ ಬಾಳಿದ್ದು ಆಕೆಯ ಅಜ್ಜಿ ಮನೆಯಲ್ಲಿ. ಆ ಕಥೆ ಮುಚ್ಚಿಟ್ಟು ಅರಮನೆ ಕಥೆ ಬರೆದಳು. ಅದರ ಮೇಲೆ ಮಾರ್ಗರೆಟ್ ಲ್ಯಾಂಡನ್ 1944ರಲ್ಲಿ ಕಾದಂಬರಿ ಬರೆದಳು. ಕಾದಂಬರಿ ಮೇಲೆ ನಾಟಕ. ಬಾಯಿಂದ ಬಾಯಿಗೆ ಬಂದ ಸುದ್ದಿ ಬೆಳೆಯೋದು ನಿಮಗೆ ಗೊತ್ತೇ ಇದೆ.

ನೋಡಬೇಡಿ ಅಂದೆನಾ? ಆ ಪೋಲ್ಕಾ ಕುಣಿತಕ್ಕೆ ನಾನೂ ಸೋತಿದ್ದೇನೆ. ಬರಿಗಾಲಿನ ರಾಜ ಆಕೆಯ ಸೊಂಟಕ್ಕೆ ಕೈಯಿಟ್ಟು ಗಿರ್ರನೆ ತಿರುಗಿಸುವಾಗ ಯಾರು ಗುರು, ಯಾರು ಶಿಷ್ಯ ಅನ್ನೋ ಲೆಕ್ಕವೇ ಉಳಿಯಲ್ಲ. ಧಾರಾಳವಾಗಿ ನೋಡಿ. ಚರಿತ್ರೆ ಪರೀಕ್ಷೆಗೆ ಮಾತ್ರ ಅದನ್ನ ನಂಬಿಕೊಂಡು ಹೋಗಬೇಡ ಅಂತ ನಿಮ್ಮ ಮೊಮ್ಮಗಳಿಗೆ ಒಂದು ಮಾತು ಹೇಳಿಬಿಡಿ.