ನಿಂಬೆ ನೀವೇ ಹಿಂಡಿ

ನಿಮ್ಮ ಕಡೆಗೆ ಹಬ್ಬಿರೋ ಶಂಖಪುಷ್ಪದ ಬಳ್ಳಿಯಿಂದ ನಾಲ್ಕು ಹೂವು ಕಿತ್ಕೊಳ್ತೀನಿ ಕಣ್ರೀ. ನಮ್ಮ ಕಡೆಯದ್ದನ್ನೆಲ್ಲ ಹುಡುಗರು ಬೆಳಿಗ್ಗೆಯೇ ಬರಿದು ಮಾಡಿದ್ದಾರೆ. ದೇವರಿಗಲ್ಲ, ಐಸಿಗೆ. ಹೌದು, ಐಸಿಗೇ. ಹೇಳ್ತೀನಿ ತಡೀರಿ, ಆ ನೆರಳಿಗೆ ಬನ್ನಿ. ಹನ್ನೊಂದು ಗಂಟೆಗೇ ಎಂಥಾ ಬಿಸಿಲು!

ಮೊಮ್ಮಕ್ಕಳು ಬಂದು ಮೂರು ವಾರ ಆಯ್ತಲ್ಲ. ಬಂದ ದಿನ ಚಿಕ್ಕವನು ಫ್ರಿಜ್ಜಿನ ಬಾಗಿಲು ತೆಗೆದು ನಿಂತ. "ಅಜ್ಜಿ, ಕುಡಿಯೋಕೆ ಏನೂ ಇಲ್ಲ" ಅಂದ. ಒಳಗೆ ನೀರುಮಜ್ಜಿಗೆ ಇತ್ತು, ಎರಡು ಎಳನೀರು ಇತ್ತು, ಸೊಗದೆ ಬೇರಿನ ಶರಬತ್ತಿತ್ತು. ಬಾಟಲಿಯಲ್ಲಿ ಗುಳ್ಳೆ ಏಳೋದೇ ಅವನ ಪಾಲಿಗೆ ಕುಡಿಯೋದು. ಬೈಯೋಕೆ ಮನಸ್ಸಾಗಲಿಲ್ಲ ನನಗೆ. ಯಾರೋ ಮಾಡಿ, ಯಾರೋ ತುಂಬಿ, ಯಾರೋ ಬಿರಡೆ ಬಿಗಿದದ್ದು ಬಿಟ್ಟು ಬೇರೆ ಯಾವುದನ್ನ ಆ ಮಗು ನೋಡಿದೆ ಹೇಳಿ? ಒಂದು ಗಾಜಿನ ಬಟ್ಟಲಿನ ತುಂಬ ನೀರು, ಒಂದು ಹಿಡಿ ಒಣಗಿದ ಮುರುಗಲು ಸಿಪ್ಪೆ ಅವನ ಮುಂದೆ ಇಟ್ಟೆ. "ಹಾಕಿ ನೋಡ್ತಾ ಕೂತ್ಕೋ" ಅಂದೆ.

ನನ್ನ ತವರು ಸಾಗರದ ಕಡೆ. ಅಲ್ಲಿ ಅದು ಮುರುಗಲು. ಮಂಗಳೂರಿನವರಿಗೆ ಪುನರ್ಪುಳಿ, ಮುಂಬೈ ಕಡೆ ಕೋಕಂ. ಏಪ್ರಿಲ್-ಮೇನಲ್ಲಿ ಹಣ್ಣಾಗತ್ತೆ, ಮಳೆ ಹಿಡಿಯೋದರೊಳಗೆ ಕೊಯ್ದು, ಸಿಪ್ಪೆ ಬಿಡಿಸಿ, ಒಣಗಿಸಿ ಡಬ್ಬ ತುಂಬ್ಕೋಬೇಕು. ಬೀಜವನ್ನೂ ಎಸೀತಿರಲಿಲ್ಲ ನಮ್ಮಮ್ಮ. ಕುದಿಸಿ ತುಪ್ಪ ತೆಗೀತಿದ್ರು, ಹಿಮ್ಮಡಿ ಒಡೆದಾಗ ಹಚ್ಚೋಕೆ. ಒಣಗಿದ ಸಿಪ್ಪೆ ನೋಡೋಕೆ ಕಪ್ಪಗೆ, ಸುಕ್ಕುಸುಕ್ಕಾಗಿ, ಹಳೇ ಚರ್ಮದ ತುಂಡಿನ ಹಾಗೆ ಇರತ್ತೆ. ಮಗು ಮೂಗು ಮುರಿದ. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನೋಡಿ, ಒಂದು ಸಿಪ್ಪೆಯ ಅಂಚಿನಿಂದ ಕೆಂಪು ಎಳೆ ಹೊರಟಿತು, ಕೂದಲೆಳೆಯಷ್ಟು ಸಣ್ಣದು. ಅದು ಅಲುಗಾಡ್ತಾ ಬಟ್ಟಲಿನ ತಳಕ್ಕಿಳಿದು ಅಲ್ಲೇ ಹರಡ್ಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹುಡುಗ ಮೇಜಿಗೆ ಗಲ್ಲ ಊರಿ, ಉಸಿರು ಬಿಗಿಹಿಡಿದು ಕೂತಿದ್ದ. ಒಂದು ಗಂಟೆಗೆ ಬಟ್ಟಲೆಲ್ಲ ಕೆಂಪು ದಾಸವಾಳದ ಬಣ್ಣ. "ಈಗ ಕಿವುಚು" ಅಂದೆ. ಕಿವುಚಿದ, ಸೋಸಿದ, ಸಕ್ಕರೆ ಹಾಕಿದ, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ. ಎರಡು ಲೋಟ ಕುಡಿದು ಮೂರನೆಯದನ್ನ ಅವರಕ್ಕನಿಗೆ ಕೊಡೋಕೆ ಓಡಿದ. ಅವತ್ತಿಂದ ಇವತ್ತಿನವರೆಗೆ ಬಾಟಲಿ ಮಾತೆತ್ತಿಲ್ಲ.

ಅವನಿಗೆ ಬೇಕಿದ್ದ ಗುಳ್ಳೆಯೂ ಸಿಕ್ಕಿತು ಅನ್ನಿ. ಮಾರನೇ ದಿನ ಒಂದು ಪುಟ್ಟ ಲೋಟದ ಮುರುಗಲು ನೀರಿಗೆ ಅಕ್ಕ ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿದಳು. ಬುರುಬುರು ಅಂತ ನೊರೆ ಎದ್ದು, ಕೆಂಪೆಲ್ಲ ಕದಡಿ ನೀಲಿಗೆ ತಿರುಗಿತು. ಹಣ್ಣಿನಲ್ಲಿರೋ ಹುಳಿ ಸೋಡಾದ ಜೊತೆ ಸೇರಿ ಗಾಳಿ ಬಿಡತ್ತೆ, ಹುಳಿ ತಗ್ಗಿದ ಹಾಗೆ ಬಣ್ಣವೂ ಬದಲಾಗತ್ತೆ. ಏಳನೇ ಕ್ಲಾಸಿನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ ಅಂತ ಓದಿದ್ದಳಂತೆ. "ಅಜ್ಜಿ, ಅದು ಇದೇನಾ!" ಅಂತ ಕೂಗಿದಳು. ಆ ಲೋಟ ಕುಡಿಯೋ ಹಾಗಿರಲಿಲ್ಲ, ಚೆಲ್ಲಿದ್ವಿ.

ಪಾನಕವನ್ನೂ ಅವರ ಕೈಯಲ್ಲೇ ಮಾಡಿಸ್ತೀನಿ. ಲೀಟರ್ ನೀರಿಗೆ ನೂರು ಗ್ರಾಂ ಮಂಡ್ಯದ ಬೆಲ್ಲ, ಒಂದು ನಿಂಬೆ, ನಾಲ್ಕು ಏಲಕ್ಕಿ, ಚೂರು ಒಣಶುಂಠಿ, ಎರಡು ಕಾಳುಮೆಣಸು. ಏಲಕ್ಕಿ ಮಿಕ್ಸಿಗೆ ಹಾಕೋಕೆ ನಾನು ಬಿಡಲ್ಲ, ಕಲ್ಲಿನ ಕುಟ್ಟಾಣಿಯಲ್ಲೇ ಕುಟ್ಟಬೇಕು. ಮೊದಲ ಏಟಿಗೆ ಸಿಪ್ಪೆ ಬಿರೀತದೆ, ಎರಡನೇ ಏಟಿಗೆ ಅಡುಗೆಮನೆ ತುಂಬ ಘಮ. ಆ ಘಮಕ್ಕೆ ಪಕ್ಕದ ಕೋಣೆಯಲ್ಲಿ ಮೊಬೈಲ್ ಹಿಡಿದವರೂ ಎದ್ದು ಬರ್ತಾರೆ, ನೋಡಿದ್ದೀನಿ. ಇನ್ನು ಬೇಲದ ಹಣ್ಣು ಸಿಕ್ಕರಂತೂ ಹಬ್ಬ. ಹಣ್ಣಾಗಿದೆಯೋ ಇಲ್ಲವೋ ನೋಡೋಕೆ ಮೊಳದೆತ್ತರದಿಂದ ನೆಲಕ್ಕೆ ಬಿಡಬೇಕು. ಪುಟಿದರೆ ಕಾಯಿ, ದಬ್ ಅಂತ ಕೂತರೆ ಹಣ್ಣು. ದೇವರಾಜ ಮಾರ್ಕೆಟ್ಟಿನಿಂದ ತಂದ ಮೂರನ್ನ ಇವರು ಜಗಲಿ ಮೇಲೆ ಎಷ್ಟು ಸಲ ಬಿಟ್ಟರೋ ಲೆಕ್ಕವಿಲ್ಲ. ಕೊನೆಗೆ ಒಂದು ಒಡೆದೇ ಹೋಯ್ತು, ಅದನ್ನೇ ಬೆಲ್ಲ ಹಾಕಿ ಕಿವುಚಿ ಕುಡಿದ್ವಿ.

ಕೆಲಸ ನಿಧಾನ ಆಗತ್ತೆ, ಒಪ್ತೀನಿ. ನಾನಾದರೆ ಹತ್ತು ನಿಮಿಷದಲ್ಲಿ ಮುಗಿಸೋದಕ್ಕೆ ಅವರಿಗೆ ಮುಕ್ಕಾಲು ಗಂಟೆ ಬೇಕು. ನೆಲ ಅಂಟಂಟು, ಇರುವೆ ಸಾಲು. ಆದರೂ ಅವರ ಕೈಯಿಂದ ಸೌಟು ಕಿತ್ಕೊಬಾರದು ಕಣ್ರೀ. ನಮ್ಮ ಮಗಳಿಗೆ ನಾನು ಹಾಗೆ ಮಾಡಿದ್ದೆ. ಆಗ ಆಫೀಸಿಗೆ ಹೊತ್ತಾಗ್ತಿತ್ತು, "ನೀನು ಸರಿ, ನಾನು ಮಾಡ್ತೀನಿ" ಅಂತಿದ್ದೆ. ಅವಳು ಈಗ ಪಾನಕ ಪೌಡರ್ ತರಿಸ್ತಾಳೆ. ಆ ನೋವು ನನಗಿದೆ.

ಐಸ್‌ಕ್ಯಾಂಡಿ ವಿಷಯ ಕೇಳಿ. ನಮ್ಮ ಕಾಲದಲ್ಲಿ ಸೈಕಲ್ ಹಿಂದೆ ಮರದ ಪೆಟ್ಟಿಗೆ, ಪೋಂ ಪೋಂ ಅಂತ ರಬ್ಬರ್ ಹಾರ್ನ್, ನಾಲ್ಕಾಣೆಗೆ ಒಂದು. ತಿಂದು ನಾಲಿಗೆ ಚಾಚಿ ಬಣ್ಣ ತೋರಿಸ್ಕೊಳ್ತಿದ್ವಿ. ಯಾವ ನೀರೋ ಏನೋ ಅಂತ ಅಮ್ಮನಿಗೆ ಭಯ. ಈಗ ಮನೆಯಲ್ಲೇ ಕಾಯಿಸಿ ಆರಿಸಿದ ನೀರು, ಮನೆಯದೇ ಹಣ್ಣು. ಮೊದಲ ಸಲ ನಿಂಬೆ ಶರಬತ್ತನ್ನೇ ಅಚ್ಚಿಗೆ ಸುರಿದಿಟ್ಟರು. ಲೋಟದಲ್ಲಿ ಸಿಹಿ ಸರಿಯಾಗಿದ್ದದ್ದು ಕ್ಯಾಂಡಿಯಾದಾಗ ಸಪ್ಪೆ! ನಾಲಿಗೆ ತಣ್ಣಗಾದಾಗ ಸಿಹಿ ಕಮ್ಮಿ ಗೊತ್ತಾಗತ್ತೆ, ಅದಕ್ಕೇ ಕ್ಯಾಂಡಿಗೆ ಸಕ್ಕರೆ ಒಂದು ಕೈ ಮುಂದೆ ಇರಬೇಕು. ಹಾಗಂತ ಸುರಿದರೂ ಕಷ್ಟ, ಗಟ್ಟಿಯಾಗೋದೇ ಇಲ್ಲ. ಇನ್ನೊಂದು ದೂರು: ನಾಲ್ಕು ಸಲ ಚೀಪಿದ್ರೆ ರಸವೆಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಬರೀ ಬಿಳಿ ಐಸು ಉಳೀತದೆ. ನೀರು ಹೆಪ್ಪುಗಟ್ಟೋವಾಗ ತಾನೊಂದೇ ಹರಳಾಗಿ ಸಕ್ಕರೆಯನ್ನೂ ರಸವನ್ನೂ ಸಂದಿಗೆ ತಳ್ಳತ್ತೆ. ಸಂದಿಯಲ್ಲಿರೋದು ಚೀಪಿದ್ರೆ ಬಾರದೆ ಏನು? ಅದಕ್ಕೆ ತಿರುಳಿರೋ ಹಣ್ಣೇ ಸರಿ. ರಸಪುರಿ ಮಾವಿನ ಹಣ್ಣು ತಂದ್ವಿ. ಹಿಸುಕಿ, ಜರಡಿಯಲ್ಲಿ ಉಜ್ಜಿ, ಬೇಕೋ ಬೇಡವೋ ಅನ್ನೋ ಹಾಗೆ ನೀರು ಬೆರೆಸಿ ಇಟ್ಟರು. ಕೊನೇ ಚೂರಿನವರೆಗೂ ಮಾವೇ ಮಾವು.

ಕಡ್ಡಿ ನೆಟ್ಟಗೆ ನಿಲ್ಲಲ್ಲ ಅಂತ ಚಿಕ್ಕವನು ಅಳೋಕೆ ಶುರು ಮಾಡಿದಾಗ ಒಂದು ಕಥೆ ಹೇಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಎಪರ್ಸನ್ ಅಂತ ಹನ್ನೊಂದು ವರ್ಷದ ಹುಡುಗ. 1905ರಲ್ಲಿ ಒಂದು ರಾತ್ರಿ ಶರಬತ್ತಿನ ಲೋಟವನ್ನ ಕಲಕೋ ಕಡ್ಡಿ ಸಮೇತ ಹೊರಗೆ ಜಗಲಿಯಲ್ಲಿ ಮರೆತು ಮಲಗಿದನಂತೆ. ಬೆಳಿಗ್ಗೆ ಚಳಿಗೆ ಅದು ಗಟ್ಟಿಯಾಗಿತ್ತು, ಕಡ್ಡಿ ಹಿಡಿದು ಎಳೆದು ತಿಂದ. ದೊಡ್ಡವನಾದ ಮೇಲೆ, 1924ರಲ್ಲಿ, ಅದಕ್ಕೆ ಪೇಟೆಂಟ್ ತಗೊಂಡ. "ಅವನ ಕಡ್ಡಿ ನೆಟ್ಟಗಿತ್ತಾ?" ಅಂತ ಇವನ ಪ್ರಶ್ನೆ. ವಾರೆಯಾಗೇ ಇದ್ದಿರಬೇಕು ಮಗಾ, ಅಂದೆ. ಅಳು ನಿಂತಿತು. ಅಚ್ಚಿನ ಬಾಯಿಗೆ ಅಲ್ಯುಮಿನಿಯಂ ಹಾಳೆ ಮುಚ್ಚಿ, ತೂತು ಮಾಡಿ ಕಡ್ಡಿ ಸಿಕ್ಕಿಸಿದ್ರೆ ನೆಟ್ಟಗೆ ನಿಲ್ಲತ್ತೆ, ನೀವೂ ನೆನಪಿಟ್ಕೊಳ್ಳಿ. ಗಾಜಿನ ಬಾಟಲಿಯಲ್ಲಿ ಮಾತ್ರ ಏನನ್ನೂ ತುಂಬಿಸಿ ಫ್ರೀಜರಿಗೆ ಇಡಬೇಡಿ. ನೀರು ಐಸಾದಾಗ ನೂರಕ್ಕೆ ಒಂಬತ್ತು ಪಾಲು ಉಬ್ಬತ್ತೆ. ಹೋದ ವರ್ಷ ನಮ್ಮಲ್ಲಿ ಒಂದು ಸೀಳಿ, ಫ್ರೀಜರಿನಲ್ಲಿದ್ದದ್ದನ್ನೆಲ್ಲ ಗಾಜಿನ ಚೂರಿನ ಭಯಕ್ಕೆ ಬಿಸಾಡಬೇಕಾಯ್ತು.

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಗಡಗಡ ಸದ್ದು ಕೇಳಿಸ್ತಾ ಇತ್ತಲ್ಲ, ಅದು ಐಸ್‌ಕ್ರೀಮು. ಕರೆಂಟಿರಲಿಲ್ಲ. ಲೀಟರ್ ಹಾಲನ್ನ ಅರ್ಧಕ್ಕೆ ಇಂಗಿಸಿ, ಸಕ್ಕರೆ ಏಲಕ್ಕಿ ಹಾಕಿ ಬೆಳಿಗ್ಗೆಯೇ ತಣ್ಣಗೆ ಮಾಡಿದ್ದೆ. ಅದನ್ನ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಿ, ಆ ಡಬ್ಬವನ್ನ ಇನ್ನೊಂದು ದೊಡ್ಡ ಡಬ್ಬದೊಳಗಿಟ್ಟು, ಸುತ್ತ ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು. ಮುಚ್ಚಿ, ಟವೆಲ್ ಸುತ್ತಿ, ಈ ತುದಿಯಲ್ಲಿ ಒಬ್ಬರು ಆ ತುದಿಯಲ್ಲಿ ಒಬ್ಬರು ಕೂತು ಉರುಳಿಸೋದು. "ಉಪ್ಪು ಯಾಕಜ್ಜಿ?" ಐಸು ಸೊನ್ನೆ ಡಿಗ್ರಿಯಲ್ಲಿ ಕರಗತ್ತೆ, ಉಪ್ಪು ಬಿದ್ದರೆ ಅದಕ್ಕಿಂತ ಎಷ್ಟೋ ಕೆಳಗೂ ಕರಗತ್ತೆ, ಹದವಾಗಿ ಬೆರೆತರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ. ಕರಗೋಕೆ ಶಾಖ ಬೇಕಲ್ಲ, ಅದನ್ನ ಪಕ್ಕದ ಹಾಲಿನಿಂದ ಎಳ್ಕೊಳತ್ತೆ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪಿನಿಂದ ನೀರು ತಣ್ಣಗೆ ಮಾಡ್ತಿದ್ದದ್ದನ್ನ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿಟ್ಟಿದ್ದಾರೆ ಅಂತಲೂ ಹೇಳಿದೆ, ಆದರೆ ಅವರ ಕಿವಿಯೆಲ್ಲ ಡಬ್ಬದ ಮೇಲಿತ್ತು.

ಇಪ್ಪತ್ತು ನಿಮಿಷ ಉರುಳಿಸಿದ ಮೇಲೆ ಹೊರಗಿನ ಡಬ್ಬದ ಮೈಮೇಲೆ ಬಿಳಿ ಹಿಮ ಕಟ್ಟಿತು, ಈ ಮೈಸೂರಿನಲ್ಲಿ, ಮೇ ತಿಂಗಳಲ್ಲಿ! ಮಕ್ಕಳು ಉಗುರಿನಲ್ಲಿ ಅದರ ಮೇಲೆ ಹೆಸರು ಗೀಚಿದ್ರು. ಬರಿಗೈಯಲ್ಲಿ ಹಿಡಿಯೋಕೆ ಬಿಡಬಾರದು, ಚರ್ಮ ಸುಟ್ಟ ಹಾಗಾಗತ್ತೆ. ಒಳಡಬ್ಬ ತೆಗೆಯೋ ಮೊದಲು ಮುಚ್ಚಳದ ಸುತ್ತಲಿನ ಉಪ್ಪುನೀರು ಚೆನ್ನಾಗಿ ಒರೆಸ್ಬೇಕು, ಒಂದು ಹನಿ ಒಳಗೆ ಬಿದ್ರೂ ಕೆಟ್ಟಿತು. ಅಂಚಿಗೆ ಕಟ್ಟಿದ್ದನ್ನ ಕೆರೆದು ನಡುವಿಗೆ ತಳ್ಳಿ ಇನ್ನೂ ಹತ್ತು ನಿಮಿಷ. ಅಲುಗಾಡ್ತಾನೇ ಗಟ್ಟಿಯಾಗೋದರಿಂದ ಹರಳು ದೊಡ್ಡದಾಗಲ್ಲ, ಅದಕ್ಕೆ ಬೆಣ್ಣೆಯಷ್ಟು ನುಣುಪು. ತಲಾ ಮೂರೇ ಮೂರು ಚಮಚ ಬಂತು. ಚಿಕ್ಕವನು ತನ್ನ ಮೂರನೇ ಚಮಚವನ್ನ ನನ್ನ ಬಾಯಿಗಿಟ್ಟ.

ಈಗ ನಿಮ್ಮ ಹೂವಿನ ಕಥೆ. ಈ ಶಂಖಪುಷ್ಪದ ದಳ ಬಿಸಿನೀರಿಗೆ ಹಾಕಿದ್ರೆ ನೀಲಿ ಇಳಿಯತ್ತೆ, ನವಿಲಿನ ಕತ್ತಿನ ನೀಲಿ. ರುಚಿ ಅಂಥದ್ದೇನಿಲ್ಲ, ಬಣ್ಣವೇ ಅದರ ಬಂಡವಾಳ. ಥಾಯ್ಲೆಂಡ್, ಮಲೇಷ್ಯಾದವರು ಇದರಲ್ಲೇ ಅನ್ನಕ್ಕೂ ಬಣ್ಣ ಕಟ್ತಾರೆ. ತೊಟ್ಟಿನ ಹಸಿರೆಲ್ಲ ತೆಗೆದು, ತೊಳೆದು, ಕುದಿಸಿ ಸೋಸಿ, ಆರಿದ ಮೇಲೆ ಟ್ರೇಯಲ್ಲಿ ಹೆಪ್ಪಿಗಿಟ್ಟಿದ್ದಾರೆ. ದೊಡ್ಡವಳು ಒಂದೊಂದು ಗುಣಿಯಲ್ಲೂ ಒಂದೊಂದು ಇಡೀ ದಳ ಇಟ್ಟಿದ್ದಾಳೆ, ಕಿಟಕಿ ಗಾಜಿನಲ್ಲಿ ಸಿಕ್ಕಿಕೊಂಡ ಚಿಟ್ಟೆ ಹಾಗೆ ಕಾಣತ್ತೆ.

ಇಗೊಳ್ಳಿ, ಲೋಟ ಹಿಡೀರಿ. ಬೇಲಿ ಮುಳ್ಳು, ಹುಷಾರು. ತಣ್ಣೀರು, ಸಕ್ಕರೆ, ಎರಡು ನೀಲಿ ಐಸು, ಅಷ್ಟೇ ಇರೋದು. ಸ್ವಲ್ಪ ಕರಗಲಿ. ಈ ನಿಂಬೆ ಹೋಳನ್ನ ನೀವೇ ಹಿಂಡ್ಬೇಕಂತೆ, ನಾನು ಹಿಂಡಬಾರದು ಅಂತ ಕಟ್ಟಪ್ಪಣೆಯಾಗಿದೆ. ಹಾ, ನೋಡಿ ನೋಡಿ, ನೇರಳೆ ಆಗ್ತಾ ಇದೆ! ಇನ್ನೂ ಒಂದು ಹನಿ ಹಾಕಿ. ಲೋಟವನ್ನ ಸ್ವಲ್ಪ ಮೇಲೆ ಹಿಡೀರಿ, ಆ ಕಿಟಕಿ ಕಡೆ ತಿರುಗಿ. ಪರದೆ ಹಿಂದೆ ಇಬ್ಬರೂ ನಿಂತಿದ್ದಾರೆ, ಆಗಿನಿಂದ ನಿಮ್ಮ ಮುಖವನ್ನೇ ನೋಡ್ತಿದ್ದಾರೆ.